ಯಾವ ಗೇಟು, ಯಾವ ಸಾಲು

ಸ್ಟೇಡಿಯಮ್ಮಿನಲ್ಲಿ ನಡೆಯುವ ದೊಡ್ಡ ಸಂಗೀತ ಕಾರ್ಯಕ್ರಮಕ್ಕೆ ಟಿಕೆಟ್ ಕೊಳ್ಳುವುದೆಂದರೆ, ಕೂರುವ ಅಥವಾ ನಿಲ್ಲುವ ಜಾಗವನ್ನು ತಿಂಗಳುಗಳ ಮೊದಲೇ ಕಣ್ಣಾರೆ ನೋಡದೆ ಆರಿಸಿಕೊಳ್ಳುವುದು. ಆಗಿನ್ನೂ ವೇದಿಕೆ ಕಟ್ಟಿರುವುದಿಲ್ಲ, ಸ್ಪೀಕರುಗಳು ಊರಿಗೇ ಬಂದಿರುವುದಿಲ್ಲ. ಕೊಳ್ಳುವವರ ಮುಂದಿರುವುದು ಮೊಬೈಲಿನಲ್ಲಿ ಬಣ್ಣಬಣ್ಣದ ತುಂಡುಗಳಾಗಿ ಕಾಣುವ ಒಂದು ನಕ್ಷೆ, ಅದರ ಪಕ್ಕದಲ್ಲೊಂದು ದರಪಟ್ಟಿ. ಮಾರಾಟ ತೆರೆದ ಮೇಲೆ ಯೋಚಿಸಲು ಸಿಗುವುದು ಕೆಲವೇ ನಿಮಿಷ. ಹಾಗಾಗಿ ಮೊದಲ ಸಲ ಹೋಗುವವರು ಆಸನದ ವಿಚಾರವನ್ನು ಮನೆಯಲ್ಲಿ ಕೂತು ಮೊದಲೇ ತೀರ್ಮಾನಿಸಿರಬೇಕು. ಮಾರಾಟದ ದಿನ ಉಳಿಯುವುದು ಹಣ ಕಟ್ಟುವ ಕೆಲಸ ಮಾತ್ರ. ಹೈದರಾಬಾದಿನ ಕಾಚಿಗೂಡದಲ್ಲಿ ನೆಲೆಸಿರುವ ಕನ್ನಡದ ಮನೆಯೊಂದರಿಂದ ಹೊರಡುವವರನ್ನು ಮುಂದಿಟ್ಟುಕೊಂಡು ನೋಡಿದರೆ ಈ ತೀರ್ಮಾನದ ಒಂದೊಂದು ಎಳೆಯೂ ಸ್ಪಷ್ಟವಾಗುತ್ತದೆ.

ಕಾಚಿಗೂಡಕ್ಕೆ ಸಂಗೀತ ಕೇಳುವುದು ಹೊಸದಲ್ಲ, ಕನ್ನಡವೂ ಹೊಸದಲ್ಲ. ಇಲ್ಲಿನ ರೈಲು ನಿಲ್ದಾಣ ನಿಜಾಮರ ಕಾಲದಲ್ಲಿ, 1916ರಲ್ಲಿ ಎದ್ದದ್ದು. ರಾಯಚೂರು, ಕಲಬುರಗಿ, ಬೀದರ್ ಆಗ ಹೈದರಾಬಾದ್ ಸಂಸ್ಥಾನದ ಜಿಲ್ಲೆಗಳು. ಓದಿಗೆ, ನೌಕರಿಗೆ, ವ್ಯಾಪಾರಕ್ಕೆಂದು ರಾಜಧಾನಿಗೆ ಬಂದ ಕನ್ನಡಿಗರಲ್ಲಿ ಅನೇಕರು ಈ ಸುತ್ತಿನಲ್ಲೇ ಮನೆ ಮಾಡಿದರು. 1956ರ ನವೆಂಬರ್ 1ರಂದು ಆ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು, ಮನೆಗಳು ಇಲ್ಲೇ ಉಳಿದವು. ಕರ್ನಾಟಕ ಸಾಹಿತ್ಯ ಮಂದಿರ ಇರುವುದು ಕಾಚಿಗೂಡದಲ್ಲೇ. ಪಕ್ಕದ ಅಂಬರಪೇಟೆಯಲ್ಲಿ ಗಾಯಕ ಪಂಡಿತ್ ಜಸರಾಜರ ತಂದೆ ಪಂಡಿತ್ ಮೋತಿರಾಮರ ಸಮಾಧಿ ಇದೆ; ಅವರ ನೆನಪಿಗೆ ಜಸರಾಜರು 1972ರಲ್ಲಿ ಈ ಊರಿನಲ್ಲಿ ಸಂಗೀತೋತ್ಸವವೊಂದನ್ನು ಆರಂಭಿಸಿದರು. ಚಿಕ್ಕಡಪಲ್ಲಿಯ ತ್ಯಾಗರಾಯ ಗಾನ ಸಭಾ ದೂರವೇನಲ್ಲ. 1961ರಲ್ಲಿ ತೆರೆದ ರವೀಂದ್ರ ಭಾರತಿ ಸಭಾಂಗಣಕ್ಕೆ ಆಟೋದಲ್ಲಿ ಹೋಗಿಬರಬಹುದು.

ಇಂಥ ಸಭೆಗಳಲ್ಲಿ ಬೆಳೆದ ಕಿವಿಗೆ ಒಂದು ಅಭ್ಯಾಸ ಬಂದಿರುತ್ತದೆ. ಬೇಗ ಹೋದವರಿಗೆ ಒಳ್ಳೆಯ ಜಾಗ. ಜೊತೆಯವರಿಗೆ ಬೇಕಾದರೆ ಪಕ್ಕದ ಕುರ್ಚಿಯ ಮೇಲೆ ಕರವಸ್ತ್ರ. ಕರ್ನಾಟಕ ಸಂಗೀತದ ಕಛೇರಿಯಲ್ಲಿ ಮೃದಂಗ ಸಾಮಾನ್ಯವಾಗಿ ಗಾಯಕರ ಬಲಕ್ಕೆ, ಪಿಟೀಲು ಎಡಕ್ಕೆ; ಅಂದರೆ ಕೇಳುಗರ ಎಡಗಡೆ ಕೂತವರಿಗೆ ಮೃದಂಗದ ಕೈ ಹತ್ತಿರ, ಬಲಗಡೆಯವರಿಗೆ ಪಿಟೀಲಿನ ಕಮಾನು ಹತ್ತಿರ. ಲಯದ ಮೇಲೆ ಪ್ರೀತಿಯಿರುವ ಹಿರಿಯರು ಪ್ರತಿಸಲವೂ ಎಡಗಡೆಯ ಸಾಲನ್ನೇ ಹುಡುಕಿಕೊಂಡು ಹೋಗುವುದಕ್ಕೆ ಕಾರಣ ಇದೇ. ಆಸನವನ್ನು ಸಂಗೀತಕ್ಕೆ ತಕ್ಕಂತೆ ಆರಿಸುವ ಈ ತಿಳಿವಳಿಕೆ ಸ್ಟೇಡಿಯಮ್ಮಿನಲ್ಲೂ ಉಪಯೋಗಕ್ಕೆ ಬರುತ್ತದೆ, ರೂಪ ಮಾತ್ರ ಬೇರೆಯಾಗುತ್ತದೆ. ಸಿನಿಮಾದ ಅಭ್ಯಾಸ ಮಾತ್ರ ಇಲ್ಲಿ ತಿರುಗುಮುರುಗು. ಕಾಚಿಗೂಡದ ತಾರಕರಾಮದಲ್ಲೋ ಪರಮೇಶ್ವರಿ–ಮಹೇಶ್ವರಿಯಲ್ಲೋ ಸಿನಿಮಾ ನೋಡಿ ಬೆಳೆದವರ ಲೆಕ್ಕದಲ್ಲಿ ಹಿಂದಿನ ಬಾಲ್ಕನಿಗೆ ಹೆಚ್ಚು ದರ, ಪರದೆಯ ಬುಡಕ್ಕೆ ಕಡಿಮೆ. ದೊಡ್ಡ ಸಂಗೀತ ಕಾರ್ಯಕ್ರಮದಲ್ಲಿ ವೇದಿಕೆಯ ಬುಡವೇ ದುಬಾರಿ, ದೂರ ಸರಿದಷ್ಟೂ ಅಗ್ಗ. ಆದರೆ ದರ ಹೇಳುವುದು ಕಲಾವಿದರ ಹತ್ತಿರವನ್ನು, ಕೇಳುವ ಸುಖವನ್ನಲ್ಲ.

ನಕ್ಷೆಯಲ್ಲಿ ಕಾಣುವ ಸಿಲ್ವರ್, ಗೋಲ್ಡ್, ಪ್ಲಾಟಿನಂ ಎಂಬ ಹೆಸರುಗಳನ್ನು ನಂಬಿ ಏನನ್ನೂ ನಿರ್ಧರಿಸಲಾಗದು. ಒಂದು ಕಾರ್ಯಕ್ರಮದ ಗೋಲ್ಡ್‌ನಲ್ಲಿ ಕುರ್ಚಿ ಇರುತ್ತದೆ, ಇನ್ನೊಂದರ ಗೋಲ್ಡ್‌ನಲ್ಲಿ ಮೂರು ತಾಸು ನಿಂತೇ ಇರಬೇಕು. ನೋಡಬೇಕಾದ್ದು ನಾಲ್ಕು ಮಾತು: ಕೂರುವುದೋ ನಿಲ್ಲುವುದೋ; ಆಸನಕ್ಕೆ ಸಂಖ್ಯೆ ಇದೆಯೋ ಮೊದಲು ಬಂದವರಿಗೆ ಮೊದಲೋ; ವೇದಿಕೆಯ ಎದುರೋ ಓರೆಯೋ; ಆ ವಿಭಾಗದ ಗೇಟು ಯಾವುದು. ವೇದಿಕೆಗೆ ಅಂಟಿದ ‘ಫ್ಯಾನ್ ಪಿಟ್’ ನಿಂತು ಕುಣಿಯುವವರ ಜಾಗ. ಎತ್ತರ ಕಡಿಮೆ ಇರುವವರಿಗೆ ಅಲ್ಲಿ ಕಾಣುವುದು ಮುಂದಿನವರ ಬೆನ್ನು, ಮೇಲೆತ್ತಿದ ಮೊಬೈಲುಗಳು. ಅದಕ್ಕಿಂತ ದೂರದಲ್ಲಿದ್ದರೂ ಸ್ಟೇಡಿಯಮ್ಮಿನ ಮೆಟ್ಟಿಲಿನ ಆಸನದಿಂದ ಇಡೀ ವೇದಿಕೆ ತೆರೆದು ಕಾಣುತ್ತದೆ, ಏಕೆಂದರೆ ಪ್ರತಿ ಸಾಲೂ ಮುಂದಿನದಕ್ಕಿಂತ ಮೇಲಿರುತ್ತದೆ. ಮೊದಲ ಸಲ ಹೋಗುವವರಿಗೆ, ಅದರಲ್ಲೂ ಮನೆಯ ಹಿರಿಯರು ಜೊತೆಗಿದ್ದರೆ, ಕೆಳಹಂತದ ಮೆಟ್ಟಿಲಿನ ಮಧ್ಯದ ಸಾಲುಗಳಿಗಿಂತ ಒಳ್ಳೆಯ ಜಾಗ ಇಲ್ಲ. ತೀರಾ ಪಕ್ಕದ ವಿಭಾಗಗಳಲ್ಲಿ ಸ್ಪೀಕರಿನ ಗೋಪುರ, ಪರದೆಯ ಚೌಕಟ್ಟು ಅಡ್ಡ ಬರುತ್ತವೆ. ನೋಟಕ್ಕೆ ಅಡ್ಡಿಯಿದೆ ಎಂದು ಸಣ್ಣಕ್ಷರದಲ್ಲಿ ಬರೆದಿದ್ದರೆ ಅದನ್ನು ಅಕ್ಷರಶಃ ತೆಗೆದುಕೊಳ್ಳಬೇಕು.

ಕಣ್ಣಿಗಿಂತ ಕಿವಿಯ ವಿಚಾರ ಸೂಕ್ಷ್ಮವಾದದ್ದು. ಟಿಕೆಟ್ ಕೊಳ್ಳುವವರು ಹೆಚ್ಚಾಗಿ ಮರೆಯುವುದೂ ಅದನ್ನೇ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ವೇದಿಕೆಯಿಂದ 100 ಮೀಟರ್ ದೂರದಲ್ಲಿ ಕೂತವರಿಗೆ ಡ್ರಮ್ಮಿನ ಏಟು ಸುಮಾರು 0.3 ಸೆಕೆಂಡಿನಷ್ಟು ತಡವಾಗಿ ಕೇಳಿಸುತ್ತದೆ. ಕೋಲು ಬಿದ್ದದ್ದು ಪರದೆಯ ಮೇಲೆ ಮೊದಲೇ ಕಂಡಿರುತ್ತದೆ. ದೊಡ್ಡ ಮೈದಾನಗಳಲ್ಲಿ ನಡುವೆ ಇನ್ನಷ್ಟು ಸ್ಪೀಕರ್ ಗೋಪುರಗಳನ್ನು ನಿಲ್ಲಿಸುತ್ತಾರೆ. ವೇದಿಕೆಯ ಶಬ್ದ ಅಲ್ಲಿಗೆ ಮುಟ್ಟುವ ಹೊತ್ತಿಗೇ ಅವೂ ನುಡಿಯುವಂತೆ ಲೆಕ್ಕ ಹಾಕಿ ತಡಮಾಡಿರುತ್ತಾರೆ. ಒಂಟಿ ಸ್ಪೀಕರಿನಿಂದ ದೂರ ಇಮ್ಮಡಿಯಾದರೆ ಬಯಲಿನಲ್ಲಿ ಶಬ್ದ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಆದರೆ ಇಂದು ವೇದಿಕೆಯ ಎರಡು ಬದಿಯಲ್ಲಿ ಸಾಲಾಗಿ ತೂಗುಹಾಕುವ ‘ಲೈನ್ ಅರೇ’ ಸ್ಪೀಕರುಗಳು ಶಬ್ದವನ್ನು ಹಿಂದಿನ ಸಾಲುಗಳವರೆಗೆ ಹೆಚ್ಚು ಸಮನಾಗಿ ಒಯ್ಯುತ್ತವೆ. ಹಾಗಾಗಿ ಹಿಂದಿನ ಆಸನವೆಂದರೆ ಕೇಳಿಸದ ಆಸನ ಎಂಬ ಹಳೆಯ ಭಯ ಈಗ ಬೇಕಿಲ್ಲ.

ಮೈದಾನದ ನಡುವೆ, ವೇದಿಕೆಗೆ ನೇರವಾಗಿ, ಬೇಲಿ ಹಾಕಿದ ಒಂದು ಗುಡಾರ ಇರುತ್ತದೆ. ಧ್ವನಿ ಹೊಂದಿಸುವವರು ಕೂರುವ ಜಾಗ ಅದು. ದನಿ ಎಷ್ಟು, ತಬಲಾ ಎಷ್ಟು, ಕೀಬೋರ್ಡ್ ಎಷ್ಟು ಎಂಬುದನ್ನು ಅವರು ತೀರ್ಮಾನಿಸುವುದು ಅಲ್ಲಿ ಕೇಳಿಸುವ ಶಬ್ದದಿಂದ. ಆದ್ದರಿಂದ ಅದರ ಸುತ್ತಲ ಜಾಗಕ್ಕೆ ಹಾಡು ಅತ್ಯಂತ ಹದವಾಗಿ ಮುಟ್ಟುತ್ತದೆ. ನಕ್ಷೆಯಲ್ಲಿ ಇದನ್ನು ಗುರುತಿಸಿದ್ದರೆ ಅದರ ಆಸುಪಾಸಿನ ಅಥವಾ ಅದರ ಹಿಂದೆ ಮೆಟ್ಟಿಲಿನ ಮೇಲಿರುವ ವಿಭಾಗವನ್ನೇ ಆರಿಸಬೇಕು. ಎಷ್ಟೋ ಸಲ ಇದು ಮಧ್ಯಮ ದರದ ವಿಭಾಗವೇ ಆಗಿರುತ್ತದೆ. ಇಳಯರಾಜ ಅಥವಾ ಎ. ಆರ್. ರೆಹಮಾನ್ ಅವರ ಕಾರ್ಯಕ್ರಮದಲ್ಲಿ ಹಾಡಿನ ಹಿಂದೆ ಹತ್ತಾರು ವಾದ್ಯಗಳ ಹೆಣಿಗೆ ಇರುತ್ತದೆ. ಅದನ್ನು ಕೇಳಲೆಂದೇ ಹೋಗುವವರಿಗೆ ಮುಂದಿನ ಮೂಲೆಯ ದುಬಾರಿ ಜಾಗಕ್ಕಿಂತ ನಡುವಿನ ಈ ಜಾಗವೇ ಮೇಲು. ಒಳಾಂಗಣದಲ್ಲಿ ಇನ್ನೊಂದು ಎಚ್ಚರ ಬೇಕು: ಬಾಲ್ಕನಿಯ ಕೆಳಗೆ ತೀರಾ ಹಿಂದಿನ ಸಾಲುಗಳಲ್ಲಿ ಸೂರು ತಗ್ಗಾಗಿ ಶಬ್ದ ಮಂಕಾಗುತ್ತದೆ. ಬಾಲ್ಕನಿಯ ಮೊದಲ ಸಾಲು ಅದಕ್ಕಿಂತ ಎಷ್ಟೋ ವಾಸಿ.

ಸ್ಪೀಕರಿಗೆ ತೀರಾ ಹತ್ತಿರವಿರುವ ಜಾಗ ಕಿವಿಗೆ ಒಳ್ಳೆಯದಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊರಡಿಸಿದ ಮಾನದಂಡದಲ್ಲಿ ಸಂಗೀತದ ಜಾಗಗಳಿಗೆ ಸರಾಸರಿ 100 ಡೆಸಿಬೆಲ್ ಮಿತಿ ಇಟ್ಟಿದೆ. 2024ರ ನವೆಂಬರ್ 15ರಂದು ಶಂಶಾಬಾದ್ ವಿಮಾನ ನಿಲ್ದಾಣದ ಬಳಿ ದಿಲ್ಜಿತ್ ದೋಸಾಂಝ್ ಹಾಡುವ ಮೊದಲು ತೆಲಂಗಾಣದ ಅಧಿಕಾರಿಗಳು ಕೊಟ್ಟ ನೋಟಿಸಿನಲ್ಲಿ ಮದ್ಯದ ಹಾಡುಗಳನ್ನು ಹಾಡಬಾರದೆಂಬ ವಿಚಾರ ಸುದ್ದಿಯಾಯಿತು. ಅದೇ ನೋಟಿಸು ಅಬ್ಬರದ ಶಬ್ದದಿಂದ ಮಕ್ಕಳ ಕಿವಿಗೆ ಆಗುವ ಅಪಾಯವನ್ನು ಹೇಳಿ, ಅವರನ್ನು ವೇದಿಕೆಗೆ ಕರೆಯಬಾರದೆಂದೂ ತಿಳಿಸಿತ್ತು. ಸುದ್ದಿಯಾಗಬೇಕಿದ್ದದ್ದು ಮಕ್ಕಳ ಕಿವಿಯ ಆ ಮಾತು. ಮಕ್ಕಳನ್ನು ಕರೆದೊಯ್ಯುವವರು ಸ್ಪೀಕರಿನಿಂದ ದೂರದ ಆಸನ ಕೊಳ್ಳಬೇಕು, ಕಿವಿಗೆ ಇಟ್ಟುಕೊಳ್ಳುವ ಇಯರ್‌ಪ್ಲಗ್ಗನ್ನೂ ಒಯ್ಯಬೇಕು.

ಜನಸಂದಣಿಯ ಲೆಕ್ಕವನ್ನೂ ಆಸನದ ಜೊತೆಗೇ ಹಾಕಬೇಕು. 2024ರ ಡಿಸೆಂಬರ್ 4ರ ರಾತ್ರಿ ಕಾಚಿಗೂಡಕ್ಕೆ ಸಮೀಪದ ಆರ್‌ಟಿಸಿ ಕ್ರಾಸ್‌ರೋಡ್ಸಿನ ಸಂಧ್ಯಾ ಚಿತ್ರಮಂದಿರದಲ್ಲಿ ನೂಕುನುಗ್ಗಲಾಗಿ ತಾಯಿಯೊಬ್ಬರು ಪ್ರಾಣ ಕಳೆದುಕೊಂಡರು. 2023ರ ನವೆಂಬರ್ 25ರಂದು ಕೊಚ್ಚಿಯ ವಿಶ್ವವಿದ್ಯಾಲಯವೊಂದರಲ್ಲಿ ಸಂಗೀತ ಕಾರ್ಯಕ್ರಮಕ್ಕೆ ಒಳಹೋಗುವ ಮೆಟ್ಟಿಲುಗಳ ಮೇಲೆ ನಾಲ್ವರು ಸತ್ತರು. ಎರಡೂ ಕಡೆ ಅನಾಹುತ ಆದದ್ದು ಜನ ಒಳನುಗ್ಗಿದ್ದರಿಂದ. ಸಂಖ್ಯೆಯಿರುವ ಆಸನಕ್ಕೆ ಹೆಚ್ಚು ಹಣ ಕೊಡುವುದು ಇದಕ್ಕಾಗಿಯೂ ಸಾರ್ಥಕ: ಜಾಗ ಕಾದಿರುವುದರಿಂದ ನುಗ್ಗಬೇಕಾದ ಅಗತ್ಯವೇ ಇರುವುದಿಲ್ಲ. ಸಾಲಿನ ತುದಿಯ, ನಡೆದಾಡುವ ದಾರಿಗೆ ಹತ್ತಿರದ ಆಸನ ಸಿಕ್ಕರೆ ಬಿಡಬಾರದು. ಶೌಚಾಲಯಕ್ಕೆ ಹೋಗಿಬರಲು, ಹಿರಿಯರು ಕಾಲು ಚಾಚಲು, ಅವಸರದಲ್ಲಿ ಹೊರಬೀಳಲು ಅದು ಅನುಕೂಲ.

ಕಾಚಿಗೂಡದವರಿಗೆ ಮನೆಗೆ ಮರಳುವ ದಾರಿಯೂ ಆಯ್ಕೆಯ ಒಂದು ಭಾಗ. ರವೀಂದ್ರ ಭಾರತಿ, ಲಾಲ್ ಬಹದ್ದೂರ್ ಸ್ಟೇಡಿಯಂ ಹತ್ತಿರದಲ್ಲಿವೆ. ಗಚ್ಚಿಬೌಲಿ ಊರಿನ ಇನ್ನೊಂದು ತುದಿ, ಶಂಶಾಬಾದ್ ಮತ್ತು ರಾಮೋಜಿ ಫಿಲ್ಮ್ ಸಿಟಿ ಊರಾಚೆ. ಮಾದಾಪುರದ ಶಿಲ್ಪಕಲಾ ವೇದಿಕೆಗೆ ಸುಲ್ತಾನ್ ಬಜಾರಿನಲ್ಲಿ ಮೆಟ್ರೋ ಹತ್ತಿ, ಎಂಜಿಬಿಎಸ್ ಮತ್ತು ಅಮೀರಪೇಟೆಯಲ್ಲಿ ಬದಲಾಯಿಸಿ ಹೈಟೆಕ್ ಸಿಟಿಯಲ್ಲಿ ಇಳಿಯಬಹುದು. ಗಚ್ಚಿಬೌಲಿಗಾದರೆ ಕೊನೆಯ ನಿಲ್ದಾಣ ರಾಯದುರ್ಗದಿಂದ ಆಟೋ ಹಿಡಿಯಬೇಕು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಿಶೇಷ ಅನುಮತಿ ಇಲ್ಲದಿದ್ದರೆ ಬಯಲಿನಲ್ಲಿ ರಾತ್ರಿ 10ರ ಮೇಲೆ ಧ್ವನಿವರ್ಧಕ ಬಳಸುವಂತಿಲ್ಲ. ಅಂದರೆ ಹತ್ತಕ್ಕೆ ಹಾಡು ನಿಲ್ಲುತ್ತದೆ, ಎಲ್ಲರೂ ಒಟ್ಟಿಗೇ ಹೊರಗೆ ಬರುತ್ತಾರೆ, ಕೊನೆಯ ಮೆಟ್ರೋಗೆ ಉಳಿಯುವ ಸಮಯ ಬಹಳ ಕಡಿಮೆ. ಮೆಟ್ರೋ ನಂಬಿದವರು ಗೇಟಿಗೆ ಹತ್ತಿರದ ವಿಭಾಗವನ್ನು ಕೊಳ್ಳಬೇಕು, ಇಲ್ಲವೆ ಮರಳುವ ವಾಹನದ ಖರ್ಚನ್ನು ಟಿಕೆಟ್ಟಿನ ದರಕ್ಕೆ ಮೊದಲೇ ಕೂಡಿಸಿಕೊಳ್ಳಬೇಕು.

ದರಕ್ಕೆ ಕೂಡುವುದು ಇನ್ನೂ ಇದೆ. ಸಂಗೀತ ಕಾರ್ಯಕ್ರಮದ ಪ್ರವೇಶದರ ತಲೆಗೆ 500 ರೂಪಾಯಿ ಮೀರಿದರೆ ಶೇ. 18 ಜಿಎಸ್‌ಟಿ, 500ರವರೆಗೆ ವಿನಾಯಿತಿ. ಬುಕಿಂಗ್ ಆ್ಯಪಿನ ಶುಲ್ಕ ಬೇರೆ, ಅದರ ಮೇಲೂ ತೆರಿಗೆ. ಪಟ್ಟಿಯಲ್ಲಿ ಕಂಡ ದರದಲ್ಲಿ ಇವು ಸೇರಿವೆಯೋ ಇಲ್ಲವೋ ನೋಡಿಕೊಂಡು, ಎಷ್ಟು ಜನರಿಗೆ ಎಷ್ಟು ಎಂಬುದನ್ನು ಮನೆಯಲ್ಲೇ ಗೊತ್ತುಮಾಡಬೇಕು. ಮೊದಲ ಆಯ್ಕೆ ಸಿಗದಿದ್ದರೆ ಎರಡನೆಯದು ಯಾವುದು, ಅದೂ ಇಲ್ಲವಾದರೆ ಮೂರನೆಯದು ಯಾವುದು ಎಂದು ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಮಾರಾಟದ ದಿನ ಏನಾಗುತ್ತದೆಂಬುದನ್ನು ಇಡೀ ದೇಶ ಕಂಡದ್ದು 2024ರ ಸೆಪ್ಟೆಂಬರ್ 22ರಂದು. ಕೋಲ್ಡ್‌ಪ್ಲೇ ತಂಡದ ಮುಂಬಯಿ ಕಾರ್ಯಕ್ರಮದ ಟಿಕೆಟ್ ಮಾರಾಟ ಮಧ್ಯಾಹ್ನ 12ಕ್ಕೆ ತೆರೆಯುವ ಮೊದಲೇ ಅದನ್ನು ಮಾರುವ ಬುಕ್‌ಮೈಶೋ ಆ್ಯಪ್ ಕುಸಿಯಿತು. ದರ 2,500ರಿಂದ 35,000 ರೂಪಾಯಿವರೆಗೆ, ಒಬ್ಬರಿಗೆ ಹೆಚ್ಚೆಂದರೆ ನಾಲ್ಕು. ರೈಲಿನ ತತ್ಕಾಲ್ ಬುಕಿಂಗಿನಲ್ಲಿ ಬೆರಳು ಚುರುಕಾಗಿದ್ದವರಿಗೆ ಬರ್ತು. ಇಲ್ಲಿ ಹಾಗಲ್ಲ, ಮಾರಾಟಕ್ಕೆ ಮೊದಲೇ ಆ್ಯಪಿನ ಕಾಯುವ ಕೋಣೆಗೆ ಬಂದವರಿಗೆಲ್ಲ ಸರತಿಯ ಸಂಖ್ಯೆ ಚೀಟಿ ಎತ್ತಿದಂತೆ ಬರುತ್ತದೆ, ತೆರೆದ ಮೇಲೆ ಬಂದವರು ಅವರ ಹಿಂದೆ ನಿಲ್ಲುತ್ತಾರೆ. ಆದ್ದರಿಂದ ಮೊದಲೇ ಲಾಗಿನ್ ಆಗಿ ಕಾಯಬೇಕು, ಪುಟವನ್ನು ಮತ್ತೆಮತ್ತೆ ರಿಫ್ರೆಶ್ ಮಾಡಬಾರದು. ಮನೆಯ ಇಬ್ಬರು ಮೂವರು ತಮ್ಮ ತಮ್ಮ ಫೋನಿನಲ್ಲಿ ಪ್ರಯತ್ನಿಸಬಹುದು. ಸರತಿ ಬಂದಾಗ ನಕ್ಷೆ ಬಿಡಿಸಿ ನೋಡುತ್ತ ಕೂತರೆ ಆಸನ ಕೈತಪ್ಪುತ್ತದೆ. ಬರೆದಿಟ್ಟುಕೊಂಡ ಪಟ್ಟಿ ನೆರವಾಗುವುದು ಆಗಲೇ. ಅದೇ ತಂಡ ಆ ವರ್ಷದ ನವೆಂಬರಿನಲ್ಲಿ ತಲಾ 2,000 ರೂಪಾಯಿಯ ಸ್ವಲ್ಪ ಟಿಕೆಟ್ಟುಗಳನ್ನು ಜೋಡಿಯಾಗಿ ಮಾರಿತು. ಆಸನ ಎಲ್ಲಿ ಎಂಬುದು ಕಾರ್ಯಕ್ರಮದ ದಿನವೇ ತಿಳಿಯುವಂಥದ್ದು, ಇಬ್ಬರೂ ಅಕ್ಕಪಕ್ಕ ಕೂರುವುದು ಮಾತ್ರ ಖಾತ್ರಿ. ಕಡಿಮೆ ಹಣದವರಿಗೂ ಒಳ್ಳೆಯ ಆಸನದ ಅವಕಾಶ ತೆರೆಯುವ ಈ ಏರ್ಪಾಡು ನಮ್ಮ ಊರುಗಳ ಆಯೋಜಕರೂ ಅನುಸರಿಸಬೇಕಾದದ್ದು.

ಟಿಕೆಟ್ ಸಿಗದವರನ್ನು ಹುಡುಕಿಕೊಂಡು ಬರುವ ಮರುಮಾರಾಟಗಾರರಿಂದ ದೂರವಿರಬೇಕು. ಅವರು ಕೇಳುವುದು ಹಲವು ಪಟ್ಟು ಹಣ, ಕೊಡುವುದು ಹೆಚ್ಚಾಗಿ ಕ್ಯೂಆರ್ ಸಂಕೇತದ ಒಂದು ಚಿತ್ರ. ಆ ಚಿತ್ರವನ್ನು ಹತ್ತು ಮಂದಿಗೆ ಕಳಿಸಬಹುದು, ಗೇಟಿನಲ್ಲಿ ಮೊದಲು ತೋರಿಸಿದವರು ಮಾತ್ರ ಒಳಗೆ. ಇದೇ ಕಾರಣಕ್ಕೆ ಟಿಕೆಟ್ ಸಿಕ್ಕ ಖುಷಿಯಲ್ಲಿ ಅದರ ಚಿತ್ರವನ್ನು ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೆ ಹಾಕಬಾರದು.

ಕೊನೆಯದು ಗೇಟಿನ ವಿಚಾರ. ಟಿಕೆಟ್ಟಿನಲ್ಲಿ ಬರೆದ ಗೇಟಿಗೇ, ಬಾಗಿಲು ತೆರೆಯುವ ಹೊತ್ತಿಗೇ ತಲುಪಬೇಕು. ರಿಸ್ಟ್‌ಬ್ಯಾಂಡ್ ಕೊಡುವ ಕಡೆ ಅದನ್ನು ಕೈಗೆ ಕಟ್ಟಿಸಿಕೊಂಡ ಮೇಲೆ ಬಿಚ್ಚಬಾರದು. 2023ರ ಸೆಪ್ಟೆಂಬರ್ 10ರಂದು ಚೆನ್ನೈ ಹೊರವಲಯದಲ್ಲಿ ನಡೆದ ರೆಹಮಾನ್ ಕಾರ್ಯಕ್ರಮದಲ್ಲಿ ಹಣ ಕೊಟ್ಟು ಟಿಕೆಟ್ ಕೊಂಡ ಎಷ್ಟೋ ಜನ ಒಳಗೆ ಹೋಗಲಾಗದೆ ಗೇಟಿನಿಂದಲೇ ಮರಳಿದರು. ಅವರ ತಪ್ಪು ಏನೂ ಇರಲಿಲ್ಲ. ಏರ್ಪಾಡು ಜನರ ಸಂಖ್ಯೆಗೆ ಸಾಲದಾಗಿತ್ತು. ಹಾಗೆ ಮರಳಿದವರು ಟಿಕೆಟ್ ಕೊಂಡದ್ದರ ಪ್ರತಿಯನ್ನು ಕಳಿಸಬೇಕೆಂದು ರೆಹಮಾನ್ ಅವರೇ ಮರುದಿನ ಕೇಳಿಕೊಂಡರು. ಆದ್ದರಿಂದ ಟಿಕೆಟ್ಟಿನ ಮೇಲ್ ಮತ್ತು ಹಣ ಕಟ್ಟಿದ ರಸೀದಿಯನ್ನು ಕಾರ್ಯಕ್ರಮ ಮುಗಿದ ಮೇಲೂ ಕೆಲವು ವಾರ ಅಳಿಸದೆ ಇಟ್ಟುಕೊಳ್ಳಬೇಕು.