ಗ್ಲಾಸಿನೊಳಗಿನ ಘೋಷಣೆ

ನಗರದ ದೊಡ್ಡ ಹೋಟೆಲೊಂದರಲ್ಲಿ ನಮ್ಮ ಕೇರಿಯ ಹುಡುಗ ಗ್ಲಾಸು ತೊಳೆಯೋ ಕೆಲಸಕ್ಕಿದ್ದಾನೆ. ಅವನನ್ನು ನೋಡೋಕೆ ಹೋದಾಗ ಅಲ್ಲಿನ ಬಾರಿನ ರೇಟು ಪಟ್ಟಿ ನಮ್ಮ ಕೈಗೆ ಸಿಕ್ಕಿತು. ಅದರಲ್ಲೊಂದು ಹೆಸರು: ಕ್ಯೂಬಾ ಲಿಬ್ರೆ.

'ಹಂಗಂದ್ರೇನಣ್ಣ?' ಅಂದ.

'ಸ್ವತಂತ್ರ ಕ್ಯೂಬಾ' ಅಂದೆವು.

'ಸ್ವಾತಂತ್ರ್ಯಾನೂ ಗ್ಲಾಸಲ್ಲಿ ಮಾರ್ತಾರಾ?' ಅಂತ ನಕ್ಕ. ರೇಟು ಓದಿದ್ದ ನಮಗೆ ನಗು ಬರಲಿಲ್ಲ. ಕಬ್ಬು ಕಡಿಯೋ ನಮ್ಮವ್ವನ ಒಂದು ದಿನದ ಕೂಲಿಗಿಂತ ಹೆಚ್ಚಿತ್ತು.

ರಮ್ಮು, ಕೋಕಾಕೋಲಾ, ನಿಂಬೆರಸ, ಐಸು. ಇಷ್ಟೇ ಅದು. ರಮ್ಮು ಬರೋದು ಕಾಕಂಬಿಯಿಂದ. ಕಬ್ಬಿನ ಹಾಲು ಕಾಸಿ ಸಕ್ಕರೆ ತೆಗೆದ ಮೇಲೆ ಉಳಿಯೋ ಕರಿ ಪಾಕವನ್ನು ಹುಳಿ ಬರಿಸಿ ಬಟ್ಟಿ ಇಳಿಸುತ್ತಾರೆ. ಕ್ಯೂಬಾದಲ್ಲಿ ಆ ಕಬ್ಬು ಕಡಿದವರು ಆಫ್ರಿಕದಿಂದ ಹಡಗಿನಲ್ಲಿ ತುಂಬಿ ತಂದ ಗುಲಾಮರು. ಸಕ್ಕರೆ ಸ್ಪೇನಿನ ದೊರೆಗಳದು, ತೋಟದ ಒಡೆಯರದು. ಬಾಸುಂಡೆ ಮಾತ್ರ ಇವರದು.

1868ರ ಅಕ್ಟೋಬರ್ 10ರಂದು ಸೆಸ್ಪೆದೆಸ್ ಎಂಬ ತೋಟದೊಡೆಯ ತನ್ನ ಸಕ್ಕರೆ ಗಿರಣಿಯ ಗಂಟೆ ಬಾರಿಸಿ, ತನ್ನ ಗುಲಾಮರನ್ನು ಬಿಟ್ಟು, ಸ್ಪೇನಿನ ಮೇಲೆ ಯುದ್ಧಕ್ಕೆ ಕರೆದ. ಅವನ ಪ್ರಣಾಳಿಕೆಯನ್ನು ಕಣ್ಣಿಟ್ಟು ಓದಬೇಕು. ಗುಲಾಮಗಿರಿ ಹೋಗಬೇಕು, ಆದರೆ ನಿಧಾನಕ್ಕೆ. ಒಡೆಯರಿಗೆ ಪರಿಹಾರ ಕೊಟ್ಟು! ಗುಲಾಮನ ಬೆನ್ನಿಗೆ ಪರಿಹಾರದ ಮಾತೇ ಇಲ್ಲ. 'ನಿಧಾನಕ್ಕೆ' ಅನ್ನೋ ಮಾತನ್ನು ನಾವೂ ನಮ್ಮೂರ ಪಂಚಾಯ್ತಿ ಕಟ್ಟೆಯಲ್ಲಿ ಕೇಳಿ ಬೆಳೆದವರೇ.

ಕರಿಯರು ಕಾಯಲಿಲ್ಲ. ಕಬ್ಬು ಕಡಿಯುವ ಮಚ್ಚು ಹಿಡಿದೇ ದಂಡಿಗೆ ಸೇರಿದರು. 'ಕ್ಯೂಬಾ ಲಿಬ್ರೆ' ಆ ದಂಡಿನ ಕೂಗು. ಅವರಲ್ಲೊಬ್ಬ ಆಂತೋನಿಯೊ ಮಸೆಯೊ. ಮಾಮೂಲಿ ಸಿಪಾಯಿಯಾಗಿ ಸೇರಿ ದಂಡನಾಯಕನಾದ ಕಪ್ಪು ಮನುಷ್ಯ. 1878ರಲ್ಲಿ ಉಳಿದ ನಾಯಕರು ಸ್ಪೇನಿನ ಜೊತೆ ರಾಜಿಗೆ ಸಹಿ ಹಾಕಿದರು. ಮಸೆಯೊ ಬರಗ್ವಾ ಎಂಬಲ್ಲಿ ಸ್ಪೇನಿನ ಸೇನಾಪತಿಯನ್ನು ಎದುರಾ ಎದುರು ಕಂಡು, ಸ್ವಾತಂತ್ರ್ಯವೂ ಇಲ್ಲದ, ಗುಲಾಮರೆಲ್ಲರ ಬಿಡುಗಡೆಯೂ ಇಲ್ಲದ ರಾಜಿ ನಮಗೆ ಬೇಡ ಅಂದುಬಿಟ್ಟ. ಗುಲಾಮಗಿರಿ ಕಾನೂನಿನಲ್ಲಿ ಸತ್ತದ್ದು 1886ರಲ್ಲಿ. ಮಸೆಯೊ ಮತ್ತೆ ಎದ್ದ ಯುದ್ಧದಲ್ಲಿ, 1896ರ ಡಿಸೆಂಬರಿನಲ್ಲಿ, ಗುಂಡಿಗೆ ಬಿದ್ದ.

1898ರಲ್ಲಿ ಅಮೆರಿಕ ಯುದ್ಧಕ್ಕಿಳಿಯಿತು. ಜುಲೈನಲ್ಲಿ ಸಾಂತಿಯಾಗೊ ಪಟ್ಟಣ ಶರಣಾಯಿತು. ವರ್ಷಗಟ್ಟಲೆ ಕಾದಾಡಿದ್ದ ಕ್ಯೂಬಾದ ದಂಡನ್ನೂ ಅದರ ನಾಯಕ ಕಲಿಕ್ಸ್ತೊ ಗಾರ್ಸಿಯಾನನ್ನೂ ಅಮೆರಿಕದವರು ಊರೊಳಗೇ ಬಿಡಲಿಲ್ಲ. ಗೆದ್ದವರು ಊರ ಹೊರಗೆ! ಓದುತ್ತಾ ಇಲ್ಲಿಗೆ ಬಂದಾಗ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆವು. ಡಿಸೆಂಬರಿನಲ್ಲಿ ಪ್ಯಾರಿಸ್ಸಿನಲ್ಲಿ ಒಪ್ಪಂದವಾದಾಗ ಕ್ಯೂಬಾದವರಿಗೆ ಕುರ್ಚಿಯೂ ಇರಲಿಲ್ಲ.

ಹವಾನಾದಲ್ಲಿ ಬೀಡುಬಿಟ್ಟ ಅಮೆರಿಕದ ಸಿಪಾಯಿಗಳು 1900ರ ಸುಮಾರಿಗೆ ಅಲ್ಲಿನ ರಮ್ಮಿಗೆ ತಮ್ಮ ದೇಶದ ಕೋಕಾಕೋಲಾ ಸುರಿದು, ಗ್ಲಾಸೆತ್ತಿ ಆ ಕೂಗನ್ನೇ ಕೂಗಿದರಂತೆ. ಹೆಸರು ಹುಟ್ಟಿದ ಬಗೆಗೆ ಹೆಚ್ಚಾಗಿ ಹೇಳೋ ಕತೆ ಇದು. ಮಚ್ಚು ಹಿಡಿದವರ ಮಾತು ಐಸಿನ ಜೊತೆ ತೇಲಿತು. ಮರುವರ್ಷವೇ ಪ್ಲಾಟ್ ತಿದ್ದುಪಡಿ ಬಂತು. ಕ್ಯೂಬಾದ ವಿಚಾರದಲ್ಲಿ ಬೇಕಾದಾಗ ಕೈಹಾಕೋ ಹಕ್ಕು ಅಮೆರಿಕಕ್ಕೆ ಸಿಕ್ಕಿತು. 1934ರ ತನಕ ಅದು ಹೋಗಲಿಲ್ಲ.

ಯುದ್ಧ ಮಾಡಿದ ಕರಿಯರು ಪಾಲು ಕೇಳಿ 1908ರಲ್ಲಿ ತಮ್ಮದೇ ಪಕ್ಷ ಕಟ್ಟಿದರು. ಅದನ್ನು ಕಾನೂನು ಮಾಡಿ ಮುಚ್ಚಿದರು. ತಿರುಗಿ ಬಿದ್ದಾಗ, 1912ರಲ್ಲಿ, ಸ್ವತಂತ್ರ ಕ್ಯೂಬಾದ ಸೈನ್ಯವೇ ಸಾವಿರಾರು ಮಂದಿ ಕರಿಯರನ್ನು ಕೊಂದಿತು.

1959ರ ಕ್ರಾಂತಿಯಾದ ಮೇಲೆ ದೇಶ ಬಿಟ್ಟು ಮಯಾಮಿ ಸೇರಿದವರು ಈ ಕುಡಿತಕ್ಕೆ ಬೇರೆ ಹೆಸರಿಟ್ಟರು: ಮೆಂತಿರೀತಾ. ಪುಟ್ಟ ಸುಳ್ಳು ಅಂತ. ಕ್ಯೂಬಾ ಈಗ ಎಲ್ಲಿ ಸ್ವತಂತ್ರ ಅನ್ನೋ ಕುಟುಕು ಅದು. ಅವರ ಸಿಟ್ಟು ಅವರದು. ನಮಗೆ ಬಂದ ಯೋಚನೆ ಬೇರೆ: 1912ರಲ್ಲಿ ಮಗನನ್ನು ಕಳಕೊಂಡ ತಾಯಿಯೊಬ್ಬಳನ್ನು ಕೇಳಿದ್ದರೆ, ಆ ಹೆಸರನ್ನು ಅವಳು ಅವತ್ತೇ ಇಡುತ್ತಿದ್ದಳು. 'ಪುಟ್ಟ' ಅಂತ ಮಾತ್ರ ಅನ್ನುತ್ತಿರಲಿಲ್ಲ.

ಹುಡುಗನಿಗೆ ಇಷ್ಟನ್ನೂ ಹೇಳೋಕೆ ಹೊತ್ತಿರಲಿಲ್ಲ. ಒಳಗಿನಿಂದ ಕೂಗಿದರು. ಇನ್ನೂ ಮೂವತ್ತು ಗ್ಲಾಸು ತೊಳೆಯೋದಿತ್ತು.