ಬುತ್ತಿ, ಛತ್ರ, ಖಾನಾವಳಿ

ಬೆಂಗಳೂರಿನ ಹೆಸರನ್ನು ಕುರಿತ ಜನಪ್ರಿಯ ಐತಿಹ್ಯದ ನಾಯಕ ಒಬ್ಬ ಹಸಿದ ಪಯಣಿಗ. ಬೇಟೆಯಲ್ಲಿ ದಾರಿ ತಪ್ಪಿದ ಹೊಯ್ಸಳ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳನ್ನು ಕೊಟ್ಟು ಉಪಚರಿಸಿದಳೆಂದೂ ಅದರಿಂದ ಊರು ಬೆಂದಕಾಳೂರಾಯಿತೆಂದೂ ಕತೆ. ಶಾಸನ ಇದನ್ನು ಒಪ್ಪುವುದಿಲ್ಲ. ಬೇಗೂರಿನ ಗಂಗರ ಕಾಲದ ವೀರಗಲ್ಲು ಸುಮಾರು ಕ್ರಿ.ಶ. 890ರಷ್ಟು ಹಿಂದೆಯೇ ಬೆಂಗಳೂರಿನ ಕಾಳಗವೊಂದನ್ನು ಹೆಸರಿಸುತ್ತದೆ. ಇಮ್ಮಡಿ ಬಲ್ಲಾಳ ಪಟ್ಟವೇರಿದ್ದು 1173ರಲ್ಲಿ. ಆದರೂ ಕತೆ ಉಳಿದಿದೆ. ಪರಊರಿನಲ್ಲಿ ಅಪರಿಚಿತರ ಕೈಯಿಂದ ಸಿಕ್ಕ ಒಂದು ತುತ್ತನ್ನು ಊರಿನ ಹೆಸರಾಗಿ ನೆನೆಯುವ ಜನಪದರ ಬಯಕೆಗೆ ಕಾಲಗಣನೆಯ ಹಂಗಿಲ್ಲ.

ಆ ಬೇಗೂರಿನ ನೆರೆಯಲ್ಲೇ ಇಂದು ಎಲೆಕ್ಟ್ರಾನಿಕ್ ಸಿಟಿ ಇದೆ. ಅಲ್ಲಿಗೆ, ವೈಟ್‌ಫೀಲ್ಡಿಗೆ, ಪೀಣ್ಯಕ್ಕೆ ಪ್ರತಿದಿನವೂ ಕೆಲಸದ ಮೇಲೆ ಹೊರಊರಿನವರು ಬಂದಿಳಿಯುತ್ತಾರೆ. ಬೆಳಗಾವಿಯ ಎರಕದ ಕಾರ್ಖಾನೆಯೊಂದರ ಮೇಲ್ವಿಚಾರಕ ಅಂಥವರಲ್ಲಿ ಒಬ್ಬ. ತಾವು ಎರಕ ಹೊಯ್ದು ಕಳಿಸಿದ ಬಿಡಿಭಾಗಗಳ ಅಳತೆ ಸರಿಯಿದೆಯೇ ಎಂದು ನೋಡಲು ನಾಲ್ಕು ದಿನಗಳ ಮಟ್ಟಿಗೆ ಪೀಣ್ಯಕ್ಕೆ ಬಂದವನು. ಅವನ ಚೀಲದಲ್ಲಿ ತಾಯಿ ಕಟ್ಟಿಕೊಟ್ಟ ಬುತ್ತಿ ಇತ್ತು: ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಹಿಂಡಿ. ಅವನ ಅಜ್ಜ ವ್ಯಾಪಾರಕ್ಕೆಂದು ಹೊರಟರೆ ಎಂಟು ದಿನದ ಬುತ್ತಿ ಹೊತ್ತು ಹೋಗುತ್ತಿದ್ದನಂತೆ. ಪರಊರಿನಲ್ಲಿ ನೀರನ್ನು ಮಾತ್ರ ಮುಟ್ಟುತ್ತಿದ್ದನಂತೆ. ಮೊಮ್ಮಗನ ಬುತ್ತಿ ಎರಡನೆಯ ದಿನಕ್ಕೂ ಹಾಗೆಯೇ ಉಳಿಯಿತು. ಅವನಿಗೆ ಹೊಟೇಲಿನ ರುಚಿ ಹತ್ತಿತ್ತು.

ಮೊದಲ ಬೆಳಿಗ್ಗೆ ಜಾಲಹಳ್ಳಿ ಕ್ರಾಸಿನ ಬಳಿಯ ದರ್ಶಿನಿಯಲ್ಲಿ ಅವನು ತಿಂದದ್ದು ತಟ್ಟೆ ಇಡ್ಲಿ. ತುಮಕೂರು ರಸ್ತೆಯ ಮೇಲಿರುವ ಪೀಣ್ಯಕ್ಕೆ ಕ್ಯಾತ್ಸಂದ್ರದ ತಟ್ಟೆ ಇಡ್ಲಿಯ ನೆರಳು ಬೀಳುವುದು ಸಹಜ. ಅಂಗೈಗಿಂತ ಅಗಲ, ಮೇಲೊಂದು ಬೆಣ್ಣೆಯ ಉಂಡೆ, ಪಕ್ಕದಲ್ಲಿ ನೀರಾದ ಕಾಯಿಚಟ್ನಿ. ಸಾಹಿತ್ಯದ ವಿದ್ಯಾರ್ಥಿಗೆ ಇಲ್ಲಿ ಶಿವಕೋಟ್ಯಾಚಾರ್ಯನ ವಡ್ಡಾರಾಧನೆ ನೆನಪಾಗಬೇಕು. ಮನೆಗೆ ಬಂದವನಿಗೆ ಬಡಿಸಿದ ಭಕ್ಷ್ಯಗಳ ನಡುವೆ ಅಲ್ಲಿ ‘ಇಡ್ಡಲಿಗೆ’ ಕಾಣಿಸಿಕೊಳ್ಳುತ್ತದೆ. ಸುಮಾರು 1025ರ ಲೋಕೋಪಕಾರದಲ್ಲಿ ಇಮ್ಮಡಿ ಚಾವುಂಡರಾಯ ಅದರ ಪಾಕವನ್ನೇ ಕೊಡುತ್ತಾನೆ: ಮಜ್ಜಿಗೆಯಲ್ಲಿ ನೆನೆಸಿ ನುಣ್ಣಗೆ ಅರೆದ ಉದ್ದು, ಮೊಸರಿನ ತಿಳಿ, ಜೀರಿಗೆ, ಕೊತ್ತುಂಬರಿ, ಮೆಣಸು, ಇಂಗು. ಅಕ್ಕಿಯ ಸುಳಿವಿಲ್ಲ. ಹಳೆಯ ಉಲ್ಲೇಖಗಳಲ್ಲಿ ಅಕ್ಕಿಯಾಗಲಿ, ಹಿಟ್ಟಿನ ದೀರ್ಘ ಹುದುಗಾಗಲಿ, ಹಬೆಯಾಗಲಿ ಇಲ್ಲವೆಂಬುದನ್ನು ಆಹಾರೇತಿಹಾಸಕಾರ ಕೆ. ಟಿ. ಅಚಯ ಎತ್ತಿ ತೋರಿಸಿದ್ದಾರೆ. ಪದ ಸಾವಿರ ವರ್ಷದ್ದಾದ ಮಾತ್ರಕ್ಕೆ ಪದಾರ್ಥವೂ ಸಾವಿರ ವರ್ಷದ್ದಾಗಬೇಕಿಲ್ಲ. ನಮ್ಮ ಆಹಾರದ ಬಗೆಗಿನ ಬರಹಗಳು ಈ ಎಚ್ಚರವನ್ನು ಬಹಳ ಸಲ ಬಿಟ್ಟುಕೊಡುತ್ತವೆ.

ಆದರೆ ಹೆಚ್ಚು ಯೋಚಿಸಬೇಕಾದ ವ್ಯತ್ಯಾಸ ಬೇರೆಯದು. ವಡ್ಡಾರಾಧನೆಯಲ್ಲಿ ಇಡ್ಡಲಿಗೆ ಬಡಿಸಿದವಳು ಹಣ ಪಡೆಯಲಿಲ್ಲ. 16ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಸೂಪಶಾಸ್ತ್ರವನ್ನು ಷಟ್ಪದಿಯಲ್ಲಿ ಬರೆದಾಗಲೂ ಅವನ ಕಣ್ಣ ಮುಂದಿದ್ದದ್ದು ಮನೆಯ ಒಲೆ, ಅರಸುಮನೆಯ ಒಲೆ. ದಾರಿಹೋಕನಿಗೆ ಶಾಸನಗಳು ಹೇಳುವ ಸತ್ರವಿತ್ತು, ಬೇಸಗೆಯಲ್ಲಿ ಅರವಟಿಗೆಯಿತ್ತು. ಬೇಯಿಸಿದ ಅನ್ನವನ್ನು ಮಾರುವುದು ಒಳ್ಳೆಯ ಮನೆತನದ ಕೆಲಸವೆನಿಸಿರಲಿಲ್ಲ. ಆದ್ದರಿಂದಲೇ ಹೊಟೇಲು ಬಂದಾಗ ಅದು ಮೊದಲು ಜಾತಿಯ ಅಭಯವನ್ನು ಕೊಡಬೇಕಾಯಿತು. ಇಂದಿನ ಎಂಟಿಆರ್ 1924ರಲ್ಲಿ ಆರಂಭವಾದದ್ದು ಬ್ರಾಹ್ಮಣ ಕಾಫಿ ಕ್ಲಬ್ ಎಂಬ ಹೆಸರಿನಿಂದ. ಅಡುಗೆ ಮಾಡಿದವರು ಯಾರೆಂಬುದನ್ನು ಫಲಕವೇ ಹೇಳುತ್ತಿದ್ದ ಕಾಲ ಅದು. ಕೆಲವೆಡೆ ಕೂರುವ ಜಾಗವೂ ಬೇರೆ ಬೇರೆ. 1980ರ ದಶಕದಲ್ಲಿ ಹುಟ್ಟಿದ ದರ್ಶಿನಿ ಕುರ್ಚಿಯನ್ನೇ ತೆಗೆದುಹಾಕಿತು. ಜಾಗ ಮತ್ತು ಸಂಬಳದ ಉಳಿತಾಯಕ್ಕಾಗಿ ಮಾಡಿದ್ದು ಪಂಕ್ತಿಯನ್ನೂ ಮುರಿಯಿತು. ಟೋಕನ್ ಹಿಡಿದು ನಿಂತವನ ಮೊಣಕೈ ಪಕ್ಕದವನ ತಟ್ಟೆಗೆ ತಾಗುತ್ತದೆ. ಕುಲ ಕೇಳಲು ಅಲ್ಲಿ ಯಾರಿಗೂ ಪುರಸೊತ್ತಿಲ್ಲ.

ಮೂರನೆಯ ದಿನ ಕೆಲಸ ಅವನನ್ನು ವೈಟ್‌ಫೀಲ್ಡಿಗೆ ಕರೆದೊಯ್ದಿತು. 1882ರಲ್ಲಿ ಡಿ. ಎಸ್. ವೈಟ್ ಮುಂದಾಳುತನದಲ್ಲಿ ಆಂಗ್ಲೋ ಇಂಡಿಯನ್ನರು ಬೇಸಾಯ ಮಾಡಿ ನೆಲೆಸಲೆಂದು ಮೈಸೂರಿನ ಚಾಮರಾಜೇಂದ್ರ ಒಡೆಯರು ನೀಡಿದ ನೆಲ. ಈಗ ಅಲ್ಲಿ ಒಂದೇ ಬೀದಿಯಲ್ಲಿ ಮಲಯಾಳಿಗಳ ಪರೋಟ, ಬಂಗಾಳಿಗಳ ಮೀನು, ಆಂಧ್ರದ ಬಾಳೆಎಲೆ ಊಟ. ಅವನು ಆಂಧ್ರದ ಊಟಕ್ಕೆ ಕುಳಿತ. ಬಿಸಿ ಅನ್ನಕ್ಕೆ ಪುಡಿ, ಅದರ ಮೇಲೆ ತುಪ್ಪ, ಬಳಿಕ ಪಪ್ಪು, ಗೋಂಗೂರ. ಗೋಂಗೂರ ಎಂದರೆ ತಮ್ಮ ಕಡೆಯ ಪುಂಡಿಪಲ್ಲೆಯೇ ಎಂದು ಮೊದಲ ತುತ್ತಿಗೆ ಅವನ ನಾಲಗೆ ಹೇಳಿತು. ನಿಘಂಟು ನೋಡದೆ ಸಿಕ್ಕ ಸಮಾನಾರ್ಥಕ.

ಆ ಪುಂಡಿಯ ನೆನಪೇ ಅವನನ್ನು ಸಂಜೆ ಪೀಣ್ಯದ ಹಿಂಬದಿಯ ಖಾನಾವಳಿಗೆ ಎಳೆದಿರಬೇಕು. ಕಬ್ಬಿಣದ ತಗಡಿನ ಸೂರು, ನಾಲ್ಕು ಬೆಂಚು, ಗೋಡೆಗೆ ತಿಂಗಳ ಲೆಕ್ಕದ ಪುಸ್ತಕ. ಲೇತ್ ಯಂತ್ರದ ಎಣ್ಣೆ ಬೆರಳಿನಿಂದ ಹೋಗದ ಹುಡುಗರು ಮಾತಿಲ್ಲದೆ ಉಣ್ಣುತ್ತಿದ್ದರು. ಒಲೆಯ ಮುಂದೆ ಕುಳಿತ ಹೆಂಗಸು ರೊಟ್ಟಿ ಬಡಿಯುವ ಸದ್ದು ಹೊರಗಿನ ಪ್ರೆಸ್ಸಿನ ಸದ್ದಿಗೆ ತಾಳ ಕೊಡುವಂತಿತ್ತು.

“ಯಾವೂರ್ರಿ ಅಣ್ಣಾರ?”

“ಬೆಳಗಾವಿ ಕಡೇರಿ, ಅಕ್ಕಾರ. ನಿಮ್ದು?”

“ಕಲಬುರ್ಗಿ ಕಡೆ. ಮಳಿ ಕೈಕೊಟ್ಟ ವರ್ಷ ಬಂದ್ವಿರಿ. ಇನ್ನೊಂದ್ ರೊಟ್ಟಿ ಹಾಕ್ಲೇನ್ರಿ?”

ಅವಳ ಎರಡು ಮಕ್ಕಳು ಊರಿನಲ್ಲಿ ಅಜ್ಜಿಯ ಬಳಿ ಓದುತ್ತಿದ್ದವು. ಇಲ್ಲಿ ದಿನಕ್ಕೆ ಅರವತ್ತು ಜನರಿಗೆ ರೊಟ್ಟಿ ಬಡಿಯುವವಳು ತನ್ನ ಮಕ್ಕಳಿಗೆ ಬಡಿಸುವುದು ಪಂಚಮಿಗೆ, ದೀಪಾವಳಿಗೆ. ಇದನ್ನು ಅವಳು ದೂರಿನಂತೆ ಹೇಳಲಿಲ್ಲ. ಪಲ್ಯಕ್ಕೆ ಉಪ್ಪು ಎಷ್ಟೆಂದು ಹೇಳುವ ದನಿಯಲ್ಲೇ ಹೇಳಿದಳು. ಅವನು ಚೀಲದಲ್ಲಿ ಉಳಿದಿದ್ದ ಬುತ್ತಿಯನ್ನು ತೆಗೆದು ಬೆಂಚಿನ ಮೇಲಿಟ್ಟ. ಹುಡುಗರು ತಾಯಿಯ ಕೈಯ ಗುರೆಳ್ಳು ಹಿಂಡಿಯನ್ನು ಕ್ಷಣದಲ್ಲಿ ಮುಗಿಸಿದರು. ಅಜ್ಜನ ಬುತ್ತಿ ಪರರಿಂದ ತನ್ನನ್ನು ಬೇರೆಯಾಗಿಡಲು ಕಟ್ಟಿದ್ದು. ಅದೇ ಗಂಟು ಇಲ್ಲಿ ಪರರ ನಡುವೆ ಬಿಚ್ಚಿಕೊಂಡಿತು.

ನಾಲ್ಕನೆಯ ರಾತ್ರಿ ಬಸ್ಸಿಗೆ ಮುನ್ನ ಅವನು ಮತ್ತೆ ಅಲ್ಲೇ ಉಂಡ. ಅವಳು ನಾಲ್ಕು ರೊಟ್ಟಿಯನ್ನೂ ಒಂದಿಷ್ಟು ಎಣ್ಣೆಗಾಯಿಯನ್ನೂ ಕಟ್ಟಿ ಕೈಗಿಟ್ಟಳು. ಅವನು ಎರಡರ ಲೆಕ್ಕವನ್ನೂ ಸೇರಿಸಿ ಹಣ ಕೊಡಹೋದಾಗ ಅರ್ಧವನ್ನು ಹಿಂದಿರುಗಿಸಿದಳು.

“ಊಟಕ್ಕ ರೊಕ್ಕ ತಗೊಂಡೀನ್ರಿ. ಬುತ್ತಿಗೆ ಯಾರರ ರೊಕ್ಕ ತಗೋತಾರೇನ್ರಿ?”

ತುಮಕೂರು ರಸ್ತೆಯ ಮೇಲೆ ಬೆಳಗಾವಿಯ ಬಸ್ಸು ಅರ್ಧ ಗಂಟೆ ತಡವಾಗಿ ಬಂತು.