ಅಂಗಳದ ಬಾಟಲ್‌ಬ್ರಷ್ ಗಿಡ

ನಮ್ಮ ಬೆಂಗಳೂರಿನ ಮನೆಯ ಅಂಗಳದಲ್ಲಿ ಒಂದು ಬಾಟಲ್‌ಬ್ರಷ್ ಗಿಡವುಂಟು. ಲಾಲ್‌ಬಾಗಿನಲ್ಲಿ ಕಂಡು ಮೆಚ್ಚಿ, ನಮ್ಮ ತಂದೆಯವರು ಸಸಿಯನ್ನು ತರಿಸಿ ತಮ್ಮ ಕೈಯಾರೆ ನೆಟ್ಟುದು. ಸೀಸೆ ತೊಳೆಯುವ ಕುಂಚದಂತೆ ಹೂ ಬಿಡುವುದರಿಂದ ಇದಕ್ಕೆ ಈ ಹೆಸರು. ದೇವರಿಗೂ ಏರಿಸದ, ಹೆರಳಿಗೂ ಮುಡಿಯದ ಈ ಹೂವಿಗೆ ಮಲ್ಲಿಗೆಯ ಜಾಗವನ್ನೇಕೆ ಕೊಟ್ಟಿರೆಂದು ತಾಯಿಯವರು ಮೊದಮೊದಲು ಗೊಣಗುತ್ತಿದ್ದರು. ಆದರೆ ಮಾಘ ಕಳೆದು ಗಿಡವೆಲ್ಲ ಕೆಂಪಾಗಿ, ಸೂರಕ್ಕಿಗಳು ಮಕರಂದಕ್ಕಾಗಿ ಬಂದು ಜೋತಾಡತೊಡಗಿದರೆ, ಅವರೇ ಕಾಫಿಯ ಲೋಟವನ್ನು ಹಿಡಿದು ಜಗಲಿಯಲ್ಲಿ ಕುಳಿತುಬಿಡುವರು.

ಇದರ ತವರು ಆಸ್ಟ್ರೇಲಿಯ. ಜೋಸೆಫ್ ಬ್ಯಾಂಕ್ಸನ ಮೂಲಕ 1789ರಲ್ಲಿ ಇದು ಇಂಗ್ಲೆಂಡಿನ ಕ್ಯೂ ತೋಟವನ್ನು ಸೇರಿತು. 1814ರಲ್ಲಿ ರಾಬರ್ಟ್ ಬ್ರೌನನು ಇದಕ್ಕೆ ಕ್ಯಾಲಿಸ್ಟೆಮನ್, ಅಂದರೆ ಚೆಲುವಾದ ಕೇಸರವುಳ್ಳದ್ದು, ಎಂದು ಹೆಸರಿಟ್ಟನು. ಅದು ಸಾರ್ಥಕವಾದ ಹೆಸರೇ. ನಾವು ಹೂವೆಂದು ನೋಡುವ ಕೆಂಪೆಲ್ಲವೂ ಕೇಸರಗಳು. ದಳಗಳು ಬಲು ಕಿರಿದಾಗಿ ಕಣ್ಣಿಗೇ ಬೀಳವು. ಪನ್ನೇರಳೆಯ ಹೂವನ್ನು ಕಂಡವರಿಗೆ ಇದು ಅಪರಿಚಿತವೆನಿಸದು. ನೇರಳೆ, ಸೀಬೆ, ಲವಂಗಗಳೆಲ್ಲ ಇದರ ಬಳಗದವೇ.

ತಂದೆಯವರು ಕಾಲವಾದ ಮರುವರ್ಷ ಮಾಘದಲ್ಲಿ ತಂಗಿಯ ಮದುವೆ. ಚಪ್ಪರಕ್ಕೆ ಅಡ್ಡವಾಗುವುದೆಂದು ಪುಷ್ಯದಲ್ಲಿ ನಾವೇ ಕತ್ತರಿ ಹಿಡಿದು, ತುದಿಗಳನ್ನೆಲ್ಲ ಕತ್ತರಿಸಿ ಗಿಡವನ್ನು ಗುಂಡಗೆ ಮಾಡಿದೆವು. ನಮ್ಮ ಕೈಚಳಕಕ್ಕೆ ನಾವೇ ಹಿಗ್ಗಿದೆವು. ಮೊಗ್ಗು ಮೂಡುವುದು ಆ ತುದಿಗಳಲ್ಲಿಯೇ ಎಂಬುದು ನಮಗೆ ತಿಳಿದಿರಲಿಲ್ಲ. ಆ ವರ್ಷ ಒಂದು ಹೂವೂ ಕಾಣಲಿಲ್ಲ. ಎಲೆಯಿಲ್ಲದ ಹಳೆಯ ಭಾಗದವರೆಗೂ ಕಡಿದಿದ್ದ ಒಂದು ಕೊಂಬೆಯಂತೂ ಮರಳಿ ಚಿಗುರಲೇ ಇಲ್ಲ. ತಾಯಿಯವರು ಬೈಯಲಿಲ್ಲ, ಜಗಲಿಗೆ ಬರುವುದನ್ನೇ ಬಿಟ್ಟರು. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ಕತ್ತರಿಸಬೇಕಾದುದು ಹೂ ಬಾಡಿದ ಕೂಡಲೇ, ಬಾಡಿದ ಹೂವಿಗೆ ತುಸು ಕೆಳಗೆ. ಆಗ ಪಕ್ಕದಿಂದ ಹೊಸ ಚಿಗುರುಗಳೊಡೆದು ಮುಂದಿನ ಹೂವಿಗೆ ಸಿದ್ಧವಾಗುವುವು. ಹಾಗೆಯೇ ಬಿಟ್ಟರೆ ರೆಂಬೆಯು ಹೂವನ್ನು ದಾಟಿ ಮುಂದಕ್ಕೆ ಬೆಳೆಯುವುದು. ಹೂವಿದ್ದಲ್ಲಿ ಮಣಿ ಪೋಣಿಸಿದಂತೆ ಗಟ್ಟಿಯಾದ ಕಾಯಿಗಳು ಅಂಟಿಕೊಂಡಿರುವುವು.

ಕಡಿದ ಕೊಂಬೆಯನ್ನು ತಾಯಿಯವರು ಬಿಸಾಡಗೊಟ್ಟಿರಲಿಲ್ಲ. ಈ ಕಾಯಿಗಳ ಸ್ವಭಾವವೇ ವಿಚಿತ್ರ. ಕೊಂಬೆಗೆ ಜೀವವಿರುವವರೆಗೆ ವರ್ಷಗಟ್ಟಲೆ ಬಾಯಿ ಬಿಡದೆ ಕುಳಿತಿರುವುವು. ಕೊಂಬೆ ಒಣಗಿದರೆ, ತವರಿನಲ್ಲಾದರೆ ಕಾಡುಗಿಚ್ಚು ತಗುಲಿದರೆ, ತೆರೆದುಕೊಳ್ಳುವುವು. ಕಾಗದದ ಮೇಲೆ ಹರಡಿಟ್ಟ ಕೆಲವು ದಿನಗಳಲ್ಲಿಯೇ ನಶ್ಯದಂತಹ ಬೀಜ ಉದುರಿತು.

“ಇವೆಲ್ಲ ಅವರು ನೀರು ಹಾಕಿದ ವರ್ಷಗಳ ಬೀಜ ಕಣಪ್ಪ. ಬಿತ್ತಿದರೆ ಇದೇ ಗಿಡ ಬರುತ್ತದೇನು?” ಎಂದು ತಾಯಿಯವರು ಕೇಳಿದರು.

ಬೀಜದ ಸಸಿ ಮೂಲಗಿಡದಂತೆಯೇ ಇರುವುದೆಂಬ ಭರವಸೆಯಿಲ್ಲ. ಹೂವಿಗೆ ಕೆಲವು ವರ್ಷ ಕಾಯಲೂ ಬೇಕು. ಇದೇ ಗಿಡ ಬೇಕಾದರೆ ಕಡ್ಡಿಯನ್ನೇ ನೆಡಬೇಕು. ಮಳೆಗಾಲದಲ್ಲಿ ಅರೆಬಲಿತ, ಸುಮಾರು 4 ಅಂಗುಲದ 12 ಕಡ್ಡಿಗಳನ್ನು ತೆಗೆದು, ಕೆಳಗಿನ ಎಲೆಗಳನ್ನು ಬಿಡಿಸಿ, ಮರಳು ಎಲೆಗೊಬ್ಬರಗಳನ್ನು ಬೆರೆಸಿದ ಕುಂಡಗಳಲ್ಲಿ ಊರಿ, ಮಣ್ಣು ಆರದಂತೆ ನೆರಳಿನಲ್ಲಿಟ್ಟೆವು. 5 ಬೇರು ಬಿಟ್ಟವು. ತಾಯಿಯವರು ಹಟ ಹಿಡಿದು ಬೀಜವನ್ನೂ ಬಿತ್ತಿದರು. ಅವುಗಳ ಸಸಿಗಳು ಇನ್ನೂ ಗೇಣುದ್ದ.

ಒಂದು ಕುಂಡವನ್ನು ತಂಗಿಯು ಗಂಡನ ಮನೆಗೆ ಒಯ್ದಳು. ಗೋಡೆಯ ಸುಣ್ಣ ಬೆರೆತ ಮಣ್ಣಿನಲ್ಲಿ ನೆಟ್ಟುದರಿಂದ ಎಲೆಗಳು ಹಳದಿಗಟ್ಟಿದವೆಂದು ಕಾಗದ ಬರೆದಳು. ಒಳ್ಳೆಯ ಬಿಸಿಲು ಬೀಳುವ ಬೇರೆ ಕಡೆಗೆ ಎತ್ತಿ ನೆಡುವಂತೆ ತಾಯಿಯವರೇ ನಮ್ಮಿಂದ ಉತ್ತರ ಬರೆಸಿದರು.

ಇಲ್ಲಿ ಗಿಡವು ಮತ್ತೆ ಕೆಂಪಾಗಿದೆ, ಜಗಲಿಗೆ ಕಾಫಿಯ ಲೋಟವೂ ಬಂದಿದೆ. ಕತ್ತರಿ ಮಾತ್ರ ತಾಯಿಯವರ ಪೆಟ್ಟಿಗೆಯಲ್ಲಿರುವುದು. ಹೂ ಬಾಡಿದ ವಾರದಲ್ಲಲ್ಲದೆ ನಮ್ಮ ಕೈಗೆ ಸಿಕ್ಕದು.